ಒದರುವ ಗಾಡಿ, ಹೇಳುವ ಗಾಡಿ

ಕಾಕಾನ ಜೀಪಿನಲ್ಲಿ ವೇಗ ತೋರಿಸುವ ಮುಳ್ಳು ನನಗೆ ಬುದ್ಧಿ ಬಂದಾಗಿನಿಂದ ಸೊನ್ನೆಯ ಮೇಲೇ ಇತ್ತು. ಕೇಬಲ್ ಹರಿದು ಎಷ್ಟು ವರ್ಷವಾಗಿತ್ತೋ. ಹೊಸದು ಹಾಕುತ್ತೇನೆಂದು ಮಿಸ್ತ್ರಿ ಅಂದಾಗಲೆಲ್ಲ ಕಾಕಾ ‘ಅದಕ್ಯಾಕ ರೊಕ್ಕ’ ಎಂದು ತಳ್ಳಿಹಾಕುತ್ತಿದ್ದ. ತಾವರಗೇರಾದಿಂದ ಕುಷ್ಟಗಿಗೆ ದಿನಾ ಎರಡು ಮೂರು ಟ್ರಿಪ್ಪು, ಮದುವೆ ಸೀಜನ್ನಿನಲ್ಲಿ ಸಿಂಧನೂರು, ಕನಕಗಿರಿ, ಗಂಗಾವತಿ. ಇಷ್ಟೂ ಮುಳ್ಳಿಲ್ಲದೆ ನಡೆಯುತ್ತಿತ್ತು. ನಲವತ್ತಕ್ಕೆ ಗೇರಿನ ರಾಡು ಅಂಗೈಯಲ್ಲಿ ಸಣ್ಣಗೆ ನಡುಗುತ್ತಿತ್ತು. ಐವತ್ತು ದಾಟಿದರೆ ಹಿಂದಿನ ಗಾಜು ಕಟಕಟ ಶುರು ಮಾಡುತ್ತಿತ್ತು. ಅರವತ್ತಕ್ಕೆ ಬಾನೆಟ್ಟು ಕುಣಿಯುತ್ತಿತ್ತು; ಅಲ್ಲಿಂದ ಮುಂದೆ ಹೋಗಲು ಕಾಕಾನಿಗೂ ಮನಸ್ಸಿರಲಿಲ್ಲ, ಜೀಪಿಗೂ ಇರಲಿಲ್ಲ. ಶಾಲೆಯ ರಜೆಯಲ್ಲಿ ಕ್ಲೀನರ್ ಆಗಿ ಹೋಗುತ್ತಿದ್ದ ನಾನು ‘ಎಷ್ಟು ಸ್ಪೀಡ್ ಐತಿ ಕಾಕಾ?’ ಎಂದು ಕೇಳಿದರೆ ಅವನು ರಸ್ತೆಯಿಂದ ಕಣ್ಣು ತೆಗೆಯದೆ ಹೇಳುತ್ತಿದ್ದ.

ವೇಗ ಒಂದೇ ಅಲ್ಲ. ಎಂಜಿನ್ ಕಾದರೆ ಮೊದಲು ಕಾಲಿನ ಕೆಳಗಿನ ತಗಡು ಹೇಳುತ್ತಿತ್ತು. ಕ್ಲಚ್ ಪ್ಲೇಟು ಸುಡತೊಡಗಿದರೆ ಮೂಗು ಹೇಳುತ್ತಿತ್ತು. ಬೇರಿಂಗ್ ಹೋಗುವ ಮುನ್ನ ಒಂದು ಗಾಲಿಯ ಕಡೆಯಿಂದ ಗುಂಯ್ ಎನ್ನುವ ಸದ್ದು ಏಳುತ್ತಿತ್ತು. ಬ್ರೇಕಿನ ಪೆಡಲ್ ಮೆತ್ತಗಾದರೆ ಎಣ್ಣೆ ಸೋರುತ್ತಿದೆ ಎಂದರ್ಥ. ಕಾಕಾ ಓದಿದ್ದು ನಾಲ್ಕನೇ ಇಯತ್ತೆ. ಗಾಡಿ ಹೇಳುವುದನ್ನು ಕೇಳಿಸಿಕೊಳ್ಳಲು ಅಷ್ಟು ಸಾಕಾಗಿತ್ತು.

ಅಂಥ ಜೀಪನ್ನು ಹೊಗಳಿ ಬರೆಯುವುದು ಸುಲಭ. ಅದರೊಳಗೆ ಕೂತವರನ್ನೂ ಕೇಳಬೇಕು. ಅವ್ವ ಸಿಂಧನೂರಿನ ತವರಿಗೆ ಹೋಗಿಬಂದ ಮರುದಿನ ಒಲೆಯ ಮುಂದೆ ಕೂರಲಾರಳು. ದಿನ ತುಂಬಿದ ಬಸುರಿಯರನ್ನು ಕುಷ್ಟಗಿಯ ದವಾಖಾನೆಗೆ ಒಯ್ಯುವಾಗ ಸೀಟಿನ ಮೇಲೆ ಎರಡು ಕೌದಿ ಹಾಸಿ, ಕಾಕಾ ಎರಡನೇ ಗೇರಿನಿಂದ ಮೇಲೆ ಹೋಗುತ್ತಿರಲಿಲ್ಲ. ಆದರೂ ಪ್ರತಿ ತಗ್ಗಿಗೆ ಹಿಂದಿನಿಂದ ‘ಯಪ್ಪಾ’ ಎಂಬ ನರಳಿಕೆ ಬರುತ್ತಿತ್ತು. ಐವತ್ತು ತುಂಬುವುದರೊಳಗೆ ಕಾಕಾನ ನಡ ಹೋಯಿತು. ಕಿಟಕಿಯ ಕಡೆಗಿದ್ದ ಬಲಗಿವಿ ಮಂದವಾಯಿತು. ಕೊನೆಕೊನೆಗೆ ಗಾಡಿ ಹೇಳುವುದನ್ನು ಕೇಳಲು ಅವನಿಗೆ ಎಡಗಿವಿಯೊಂದೇ ಉಳಿದಿತ್ತು. ಗಾಡಿಯ ಸುಖ ಉಳ್ಳವರ ಚಟ ಎಂದು ಯಾರಾದರೂ ಹೇಳಿದಾಗ ನನಗೆ ಆ ಬಲಗಿವಿ ನೆನಪಾಗುತ್ತದೆ. ದಿನವಿಡೀ ನಡುಗಿದ ಮೈ, ದಿನವಿಡೀ ಗದ್ದಲ ಕೇಳಿದ ತಲೆ ಸಂಜೆಯ ಟ್ರಿಪ್ಪಿಗೆ ತೂಕಡಿಸುತ್ತದೆ. ಆದ್ದರಿಂದ ಸುಖವೂ ಸುರಕ್ಷತೆಯದೇ ಒಂದು ಭಾಗ.

ಆದರೆ ಆ ಜೀಪು ಕಲಿಸಿದ ಒಂದು ಪಾಠವನ್ನು ಆಮೇಲಿನ ಯಾವ ಗಾಡಿಯೂ ನನಗೆ ಅಷ್ಟು ಸ್ಪಷ್ಟವಾಗಿ ಕಲಿಸಲಿಲ್ಲ. ನಮ್ಮೂರಿನಿಂದ ಕುಷ್ಟಗಿ ಕಡೆಗೆ ಹೆಚ್ಚಾಗಿ ಮಸಾರಿ ನೆಲ. ಸಿಂಧನೂರಿನ ಕಡೆ ಹೊರಟರೆ ತುರ್ವಿಹಾಳ ಬರುವಷ್ಟರಲ್ಲಿ ಎರಿ ಭೂಮಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಹಾಕಿದ ಡಾಂಬರು ಎರಡು ಮಳೆಗಾಲ ಕಳೆಯುವುದರೊಳಗೆ ಅಲೆಅಲೆಯಾಗುತ್ತದೆ. ನಾಟಿಯ ದಿನಗಳಲ್ಲಿ ಗದ್ದೆಯಿಂದ ಎದ್ದ ಟ್ರ್ಯಾಕ್ಟರುಗಳು ಗಾಲಿಗೆ ಮೆತ್ತಿದ ರಾಡಿಯನ್ನು ರಸ್ತೆಯುದ್ದಕ್ಕೂ ಒಗೆದು ಹೋಗುತ್ತವೆ. ಅದರ ಮೇಲೆ ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಗಾಲಿ ನಿಲ್ಲುವುದಿಲ್ಲ.

ಅಂಥ ಒಂದು ಸಂಜೆ ಕಾಕಾ ನನ್ನ ಕೈಯನ್ನು ತನ್ನ ಕೈಯ ಪಕ್ಕ ಸ್ಟೇರಿಂಗಿನ ಮೇಲೆ ಇಟ್ಟುಕೊಂಡ. ಆ ಕಾಲದ ಸ್ಟೇರಿಂಗು ಎಂದರೆ ರಟ್ಟೆಯ ಕೆಲಸ. ಒಣ ರಸ್ತೆಯಲ್ಲಿ ತಿರುವಿಗೆ ಎಳೆದರೆ ಅದು ವಾಪಸ್ ಎಳೆಯುತ್ತಿತ್ತು. ರಾಡಿಯ ಮೇಲೆ ಬಂದ ಕ್ಷಣ ಆ ಎಳೆತ ಸಡಿಲಾಯಿತು. ಚಕ್ರ ಕೈಯಲ್ಲಿ ಇದ್ದಕ್ಕಿದ್ದಂತೆ ಹಗುರಾಯಿತು.

‘ಹಗುರಾತಿಲ್ಲೋ?’

‘ಹೂಂ ಕಾಕಾ.’

‘ಗಾಲಿ ನೆಲಾ ಬಿಡಾಕತ್ತೈತಿ ಅಂತ. ಈಗ ಬ್ರೇಕ್ ಹಚ್ಚಬಾರದು. ಕಾಲು ತಗೀಬೇಕು, ಸುಮ್ನ ಇರಬೇಕು.’

ಹಾಗೆಯೇ ಮಾಡಿದ. ಜೀಪು ಸ್ವಲ್ಪ ಅಡ್ಡಾಡಿ ನೇರವಾಯಿತು. ಹಿಂದೆ ಕೂತವರು ಮಾತು ನಿಲ್ಲಿಸಲೂ ಇಲ್ಲ.

ಇದಕ್ಕಿರುವ ಲೆಕ್ಕ ನನಗೆ ಗೊತ್ತಾದದ್ದು ಡಿಪ್ಲೊಮಾ ಮುಗಿಸಿ ಪುಣೆ ಸೇರಿದ ಮೇಲೆ. ತಿರುವಿನಲ್ಲಿ ರಸ್ತೆ ಟೈರನ್ನು ಹಿಡಿಯುವ ಬಲ ಟೈರಿನ ನಡುಮಧ್ಯಕ್ಕೆ ಬೀಳುವುದಿಲ್ಲ, ತುಸು ಹಿಂದಕ್ಕೆ ಬೀಳುತ್ತದೆ. ಗಾಲಿಯನ್ನು ನೇರ ಮಾಡಲು ಎಳೆಯುವುದು ಆ ಅಂತರವೇ. ಹಿಡಿತ ತಪ್ಪುವ ಹಂತ ಹತ್ತಿರವಾದಂತೆ ಅಂತರ ಕಿರಿದಾಗುತ್ತದೆ, ಎಳೆತ ಸಡಿಲಾಗುತ್ತದೆ. ವಿಶೇಷವೆಂದರೆ ಗಾಲಿ ಪೂರ್ತಿ ಜಾರುವ ಮುಂಚೆಯೇ ಅದು ಸಡಿಲಾಗುತ್ತದೆ. ಅಂದರೆ ಎಚ್ಚರಿಕೆ ಅಪಾಯಕ್ಕಿಂತ ಮುಂಚೆ ಬರುತ್ತದೆ. ಅಪಾಯಕ್ಕೆ ಉತ್ತರ ಕೊಡಬೇಕಾದ ಕೈಗೇ ಬರುತ್ತದೆ. ಯಾವ ಎಂಜಿನಿಯರನೂ ಕೂತು ಯೋಚಿಸಿ ಮಾಡಿದ್ದಲ್ಲ ಇದು. ಟೈರು ಮತ್ತು ನೆಲದ ಗುಣ.

ಪುಣೆಯಲ್ಲಿ ನಾನು ಸೇರಿದ್ದು ಕಾರುಗಳಿಗೆ ಬಿಡಿಭಾಗ ಮಾಡುವ ಕಂಪನಿಯೊಂದರ ಎನ್‌ವಿಎಚ್ ವಿಭಾಗ. ಸದ್ದು, ನಡುಕ, ಒರಟುತನ ಇವನ್ನು ಕಡಿಮೆ ಮಾಡುವುದೇ ನಮ್ಮ ಕೆಲಸ. ಎಂಜಿನ್ ಕೂರುವ ಕಡೆ ರಬ್ಬರಿನ ಮೌಂಟು, ನೆಲದ ತಗಡಿಗೆ ಡಾಂಬರಿನ ಹಾಳೆ, ಬಾಗಿಲ ಸಂದಿಗೆ ಎರಡು ಸುತ್ತು ಬೀಡಿಂಗು, ಡ್ಯಾಶ್‌ಬೋರ್ಡಿನ ಹಿಂದೆ ದಪ್ಪ ಫೆಲ್ಟು. ತೊಂಬತ್ತರ ದಶಕದ ನಡುಭಾಗ ಅದು. ವಿದೇಶಿ ಕಂಪನಿಗಳು ಒಂದೊಂದಾಗಿ ದೇಶಕ್ಕೆ ಬರುತ್ತಿದ್ದವು. ಕಾರು ಕೊಳ್ಳುವವರು ಬಾಗಿಲು ಹಾಕಿದಾಗ ಯಾವ ಸದ್ದು ಬರುತ್ತದೆ ಎಂದು ನೋಡತೊಡಗಿದ್ದರು. ಕಿವಿಯೆತ್ತರಕ್ಕೆ ಮೈಕು ಕಟ್ಟಿ ಡೆಸಿಬೆಲ್ ಅಳೆಯುವುದು, ಅಂಕಿ ಇಳಿದರೆ ಖುಷಿಪಡುವುದು, ಇಳಿಯದಿದ್ದರೆ ಇನ್ನೊಂದು ಹಾಳೆ ಅಂಟಿಸುವುದು. ಮೊದಲ ವರ್ಷಗಳಲ್ಲಿ ನಾನು ಆ ಕೆಲಸವನ್ನು ಸೇಡಿನಂತೆ ಮಾಡಿದೆ. ಅವ್ವನ ನಡುವಿಗೆ, ಕಾಕಾನ ಕಿವಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುತ್ತಿದ್ದೇನೆ ಅನ್ನಿಸುತ್ತಿತ್ತು.

ಪರೀಕ್ಷಾ ಚಾಲಕರಲ್ಲಿ ಒಂದು ಆಟವಿತ್ತು. ಮುಳ್ಳಿನ ಮೇಲೆ ಪಟ್ಟಿ ಅಂಟಿಸಿ ‘ಅರವತ್ತರಲ್ಲಿ ಓಡಿಸು’ ಎನ್ನುವುದು. ಹಳೇ ಗಾಡಿಯಲ್ಲಿ ಎಲ್ಲರೂ ಹತ್ತಿರಹತ್ತಿರ ಬರುತ್ತಿದ್ದರು. ನಾವು ಸದ್ದು ಕಳೆದ ಗಾಡಿಯಲ್ಲಿ ಅದೇ ಜನ ಅರವತ್ತೆಂದುಕೊಂಡು ಎಪ್ಪತ್ತೈದರಲ್ಲಿ ಹೋಗುತ್ತಿದ್ದರು. ನಮ್ಮ ವಿಭಾಗದ ಹಿರಿಯ ಮರಾಠಿ ಎಂಜಿನಿಯರೊಬ್ಬರು ಅದನ್ನು ನೋಡಿ ನಗುತ್ತಿರಲಿಲ್ಲ. ಸದ್ದು ಎರಡು ಬಗೆಯದು, ದಣಿಸುವ ಸದ್ದು ಒಂದು, ತಿಳಿಸುವ ಸದ್ದು ಇನ್ನೊಂದು, ಮೈಕಿಗೆ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ಅಂಕಿ ಇಳಿಸುವ ಭರದಲ್ಲಿ ಎರಡನ್ನೂ ಒಟ್ಟಿಗೆ ಒರೆಸಿಹಾಕಬೇಡಿ ಎಂದು ನಮ್ಮನ್ನು ಗದರುತ್ತಿದ್ದರು.

ಮೌನಕ್ಕೂ ಒಂದು ಮಿತಿಯಿದೆ ಎಂಬುದನ್ನು ಎಲ್ಲರಿಗಿಂತ ಹೆಚ್ಚು ಖರ್ಚು ಮಾಡಿ ಕಲಿತವರು ರೋಲ್ಸ್ ರಾಯ್ಸ್‌ನವರು. 2020ರಲ್ಲಿ ಹೊಸ ಘೋಸ್ಟ್ ಕಾರನ್ನು ತಂದಾಗ ಅದರೊಳಗೆ ನೂರು ಕಿಲೋಗೂ ಮಿಕ್ಕಿ ಸದ್ದು ನುಂಗುವ ಸಾಮಗ್ರಿ ತುಂಬಿದ್ದರು. ಅಷ್ಟು ಮೌನದಲ್ಲಿ ಕೂತರೆ ಮನುಷ್ಯನಿಗೆ ಕಸಿವಿಸಿಯಾಗುತ್ತದೆ, ತಲೆ ತಿರುಗಿದಂತಾಗುತ್ತದೆ ಎಂದು ಗೊತ್ತಾಗಿ, ಬೇಕೆಂದೇ ಒಂದು ಸಣ್ಣ ಗುನುಗನ್ನು ಉಳಿಸಿದೆವು ಎಂದು ಕಂಪನಿಯೇ ಹೇಳಿಕೊಂಡಿತು. ಇತ್ತ ವಿದ್ಯುತ್ ಕಾರುಗಳು ಬಂದಾಗ ರಸ್ತೆ ದಾಟುವವರಿಗೆ, ಅದರಲ್ಲೂ ಕಣ್ಣು ಕಾಣದವರಿಗೆ, ಅವು ಬರುವುದೇ ತಿಳಿಯದಾಯಿತು. ಯುರೋಪಿನಲ್ಲಿ 2019ರ ಜುಲೈನಿಂದ ಹೊಸ ಮಾದರಿಗಳು ನಿಧಾನ ವೇಗದಲ್ಲಿ ಕೃತಕ ಸದ್ದು ಮಾಡಲೇಬೇಕೆಂದು ನಿಯಮ ತಂದರು. ನಮ್ಮ ಪೇಟೆಯ ಗಲ್ಲಿಯಲ್ಲಿ ಈಗ ಬ್ಯಾಟರಿ ಸ್ಕೂಟರ್ ಬೆನ್ನ ಹಿಂದೆ ಬಂದು ನಿಂತರೂ ಮುದುಕರಿಗೆ ಗೊತ್ತಾಗುವುದಿಲ್ಲ. ಮೊದಲು ಸದ್ದು ತೆಗೆಯಲು ದುಡ್ಡು, ಆಮೇಲೆ ಸದ್ದು ಹಾಕಲು ದುಡ್ಡು.

ನಾನು ಪುಣೆಯಲ್ಲಿದ್ದ ವರ್ಷಗಳಲ್ಲಿ ಊರಿನ ಕಡೆಯೂ ಎಲ್ಲ ಬದಲಾಯಿತು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾಯಿತು. ಕುಷ್ಟಗಿಯ ಮೇಲೆ ಹಾಯುವ ಹಳೇ 13ನೇ ನಂಬರಿನ ಹೆದ್ದಾರಿ 50 ಆಯಿತು. ಹುನಗುಂದದಿಂದ ಹೊಸಪೇಟೆಯವರೆಗೆ ನೂರು ಕಿಲೋಮೀಟರಿಗೆ ಹತ್ತಿರದ ರಸ್ತೆ ನಾಲ್ಕು ಪಥವಾಯಿತು. ಅದರ ಮೇಲೆ ಹೊಸ ಕಾರಿನಲ್ಲಿ ನೂರಕ್ಕೆ ಹೋದರೂ ಒಳಗೆ ಕೂತವರಿಗೆ ಅರವತ್ತಿನಂತಿರುತ್ತದೆ. ಕುಷ್ಟಗಿಯಲ್ಲಿ ಹೆದ್ದಾರಿ ಬಿಟ್ಟು ನಮ್ಮೂರಿನ ರಸ್ತೆಗೆ ತಿರುಗಿದವರಲ್ಲಿ ಎಷ್ಟೋ ಜನ ಅದೇ ವೇಗವನ್ನು ಜೊತೆಗೇ ತರುತ್ತಾರೆ. ಎದುರಿಗೆ ಕುರಿಹಿಂಡು, ಹುಲ್ಲಿನ ಬಂಡಿ, ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್. ಗಾಡಿ ಏನನ್ನೂ ಹೇಳುವುದಿಲ್ಲ.

ಹೇಳುವುದಿಲ್ಲವೆಂದು ತಿಳಿದೇ ಸರಕಾರ ಅದಕ್ಕೆ ಬಾಯಿ ಕೊಟ್ಟಿತು. 2019ರ ಜುಲೈ 1ರಿಂದ ತಯಾರಾಗುವ ಕಾರುಗಳಲ್ಲಿ ಚಾಲಕನಿಗೆ ಏರ್‌ಬ್ಯಾಗ್, ಮುಂದಿನ ಸೀಟುಗಳಿಗೆ ಬೆಲ್ಟ್ ನೆನಪಿಸುವ ಸದ್ದು, ಹಿಂದಕ್ಕೆ ತೆಗೆಯುವಾಗ ಸೆನ್ಸರ್, 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಬೀಪ್ ಎನ್ನುವ ವೇಗದ ಎಚ್ಚರಿಕೆ ಕಡ್ಡಾಯವಾದವು. ಅದೇ ವರ್ಷದ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಎಂಬ ಬ್ರೇಕಿನ ಏರ್ಪಾಡು ಕೂಡ. ಒಂದೊಂದೂ ಬೇಕಾದದ್ದೇ. 2021ರಲ್ಲಿ ಬೆಲ್ಟ್ ಹಾಕದೆ ಸತ್ತವರು ದೇಶದಲ್ಲಿ 16,397 ಜನ ಎಂದು ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕವೇ ಹೇಳುತ್ತದೆ. ಅದರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಚಾಲಕರಲ್ಲ, ಪಕ್ಕದಲ್ಲೋ ಹಿಂದೆಯೋ ಕೂತವರು.

ಆದರೂ ನಮ್ಮ ಕಡೆ ಹೊಸ ಕಾರು ಬಂದ ವಾರದೊಳಗೆ ಜನ ಕೊಳ್ಳುವ ಮೊದಲ ಸಾಮಾನು ಬೆಲ್ಟಿನ ಖೋಟಾ ಕ್ಲಿಪ್. ಅದನ್ನು ಬಕಲ್‌ಗೆ ಸಿಕ್ಕಿಸಿದರೆ ಸದ್ದು ಬಂದ್. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ತೀರಿಕೊಂಡ ಮೇಲೆ ದೇಶವೆಲ್ಲ ಬೆಲ್ಟಿನ ಬಗ್ಗೆ ಮಾತಾಡಿತು. 2023ರಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಆದೇಶ ಕೊಟ್ಟು ಇಂಥ ಕ್ಲಿಪ್‌ಗಳ 13,118 ಜಾಹೀರಾತುಗಳನ್ನು ತೆಗೆಸಿತು. ಅಂಗಡಿಯ ಹಲಗೆಯಿಂದ ಅವನ್ನು ತೆಗೆಸುವವರು ಯಾರು?

ಜನರನ್ನು ಬೈಯುವುದು ಸುಲಭ. ನಾನು ಅಣ್ಣನ ಮಗನನ್ನು ಕೇಳಿದೆ, ಕ್ಲಿಪ್ ಯಾಕೆಂದು. ಅವನು ಬೈಸಿಕೊಳ್ಳುವ ಮುಖ ಮಾಡಲಿಲ್ಲ. ‘ಕಾಕಾ, ಮುಂದಿನ ಸೀಟಿನ ಮ್ಯಾಲ ಹಾಲಿನ ಕ್ಯಾನ್ ಇಟ್ರೂ ಒದರ್ತೈತಿ, ಸೇಂಗಾದ ಚೀಲ ಇಟ್ರೂ ಒದರ್ತೈತಿ. ಹೊಲದಾಗ ಗಾಡಿ ತಿರುಗಿಸೂ ಮುಂದ ಜೋಳದ ದಂಟಿಗೆ ಒದರ್ತೈತಿ. ಎಷ್ಟಂತ ಕೇಳೂದು?’ ಸೀಟಿನ ಕೆಳಗಿನ ಸೆನ್ಸರಿಗೆ ಭಾರ ಗೊತ್ತು, ಮನುಷ್ಯ ಗೊತ್ತಿಲ್ಲ. ಹಿಂದಿನ ಸೆನ್ಸರಿಗೆ ಅಡ್ಡ ಬಂದದ್ದು ಗೊತ್ತು, ಅದು ದಂಟೋ ಗೋಡೆಯೋ ಗೊತ್ತಿಲ್ಲ. ಹಾದುಹೋಗುವವರಿಗೆಲ್ಲ ಬೊಗಳುವ ಓಣಿಯ ನಾಯಿ ಕಳ್ಳನಿಗೆ ಬೊಗಳಿದಾಗ ಯಾರೂ ಏಳುವುದಿಲ್ಲ.

ಇದು ನಮ್ಮ ಕಡೆಯವರದೇ ಮೊಂಡುತನವೂ ಅಲ್ಲ. ಮೂರು ಬಿಂದುವಿನ ಬೆಲ್ಟನ್ನು ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ಕೊಟ್ಟದ್ದು 1959ರಲ್ಲಿ. ಅಮೆರಿಕದಲ್ಲಿ 1974ರ ಮಾದರಿಯ ಕಾರುಗಳಿಗೆ ಬೆಲ್ಟ್ ಹಾಕದಿದ್ದರೆ ಎಂಜಿನ್ನೇ ಹತ್ತದಂತೆ ಕಟ್ಟು ಹಾಕಿದರು. ಅಲ್ಲೂ ಇದೇ ಕಥೆ. ಕಿರಾಣಿ ಚೀಲ ಇಟ್ಟರೆ, ನಾಯಿ ಕೂತರೆ ಗಾಡಿ ಹತ್ತದು. ಜನ ಎದ್ದುನಿಂತರು. ಅದೇ ವರ್ಷ ಅಮೆರಿಕದ ಸಂಸತ್ತು ಆ ನಿಯಮವನ್ನು ರದ್ದು ಮಾಡಿತು. ಬೆಲ್ಟಿನ ಬಜರ್ ಎಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಕೂಗುವಂತೆ ಕಡ್ಡಾಯ ಮಾಡಬಾರದೆಂದು ಕಾನೂನಿನಲ್ಲೇ ಬರೆಯಿತು. ಸುರಕ್ಷತೆಯ ಹೆಸರಿನಲ್ಲಿ ಕೊಟ್ಟ ಪೀಡೆ ಸುರಕ್ಷತೆಗೇ ತಿರುಗಿಬಿತ್ತು.

ಎಬಿಎಸ್‌ನ ಕಥೆ ಇದಕ್ಕಿಂತ ಸೂಕ್ಷ್ಮ. ಬಾಷ್ ಕಂಪನಿ ಮರ್ಸಿಡಿಸ್ ಕಾರಿಗೆ 1978ರಲ್ಲಿ ಅಳವಡಿಸಿದ ಈ ಏರ್ಪಾಡು ಗಾಲಿ ಕಚ್ಚಿಕೊಂಡು ಜಾರದಂತೆ ಬ್ರೇಕನ್ನು ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿಯುತ್ತದೆ. ಹಾಗೆ ಮಾಡುವಾಗ ಪೆಡಲ್ ಕಾಲಡಿಯಲ್ಲಿ ಗಡಗಡ ನಡುಗುತ್ತದೆ. ಕಾಲು ತೆಗೆಯಬಾರದು, ಇನ್ನೂ ಒತ್ತಬೇಕು. ಆದರೆ ಇದನ್ನು ಗಾಡಿ ಮಾರುವವರು ಯಾರಿಗೂ ಹೇಳುವುದಿಲ್ಲ. ನಮ್ಮ ಸಂಬಂಧಿಕರ ಹುಡುಗನೊಬ್ಬ ಮಳೆಯಲ್ಲಿ, ಅದೇ ತುರ್ವಿಹಾಳದ ಕಡೆಯ ರಾಡಿ ರಸ್ತೆಯಲ್ಲಿ, ಎಮ್ಮೆ ಅಡ್ಡ ಬಂತೆಂದು ಬ್ರೇಕ್ ಹಚ್ಚಿದ. ಪೆಡಲ್ ನಡುಗಿತು. ಬ್ರೇಕ್ ಫೇಲ್ ಆಯಿತೆಂದು ಹೆದರಿ ಕಾಲು ತೆಗೆದ. ಎಮ್ಮೆ ಉಳಿಯಿತು, ಕಾರು ಗಟಾರಕ್ಕೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ಗಾಡಿ ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿಗೆ ಹೇಳಿತ್ತು. ಅವನಿಗೆ ಆ ಭಾಷೆಯನ್ನು ಯಾರೂ ಕಲಿಸಿರಲಿಲ್ಲ.

ಕಲಿತವರದ್ದು ಇನ್ನೊಂದು ತೊಡಕು. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಟ್ಯಾಕ್ಸಿಗಳನ್ನು ಎಬಿಎಸ್ ಇದ್ದವು, ಇಲ್ಲದವು ಎಂದು ಎರಡು ಮಾಡಿ ಹೋಲಿಸಿದರು. ಎಬಿಎಸ್ ಇದ್ದ ಟ್ಯಾಕ್ಸಿಗಳ ಅಪಘಾತ ಕಡಿಮೆಯಾಗಲಿಲ್ಲ. ಬ್ರೇಕ್ ಚೆನ್ನಾಗಿದೆ ಎಂದು ಗೊತ್ತಿದ್ದ ಚಾಲಕರು ಇನ್ನಷ್ಟು ಜೋರಾಗಿ ತಿರುಗಿಸುತ್ತಿದ್ದರು, ಇನ್ನಷ್ಟು ತಡವಾಗಿ ಬ್ರೇಕ್ ಹಚ್ಚುತ್ತಿದ್ದರು. ಸುಖ ಧೈರ್ಯ ಕೊಡುತ್ತದೆ, ಧೈರ್ಯ ವೇಗ ಕೊಡುತ್ತದೆ. ವಿನ್ಯಾಸ ಮಾಡುವವರು ಗಾಡಿಯೊಂದನ್ನೇ ಲೆಕ್ಕ ಹಾಕಿದರೆ ಸಾಲದು, ಗಾಡಿ ಬದಲಾದಾಗ ಮನುಷ್ಯ ಹೇಗೆ ಬದಲಾಗುತ್ತಾನೆ ಎಂಬುದನ್ನೂ ಹಾಕಬೇಕು.

ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಒಮ್ಮೆ ಅಣ್ಣನ ಮಗನ ಕಾರಿನಲ್ಲಿ ಕಾಕಾನನ್ನು ಹೊಸಪೇಟೆಯ ದವಾಖಾನೆಗೆ ಕರೆದೊಯ್ದೆವು. ಅವನಿಗೆ ಎಂಬತ್ತು ಸಮೀಪಿಸಿತ್ತು. ಮುಂದಿನ ಸೀಟು, ಎಸಿ ಗಾಳಿ, ಜೊತೆಗೆ ನಾಲ್ಕು ಪಥದ ರಸ್ತೆ. ಕುಷ್ಟಗಿ ದಾಟುವುದರೊಳಗೆ ನಿದ್ದೆ ಹೋದ. ಇದ್ದಕ್ಕಿದ್ದಂತೆ ಬೀಪ್ ಎಂದಿತು. ಕಾಕಾ ತಟ್ಟನೆ ಎಚ್ಚತ್ತ.

‘ಯಾಕ ಒದರಿತು?’

‘ಬೆಲ್ಟ್ ಇರಬೇಕಜ್ಜ... ಇಲ್ಲ, ಬೆಲ್ಟ್ ಹಾಕೇತಿ. ಬಾಗಲಾ ಏನರ...’

ಹುಡುಗ ಸ್ಕ್ರೀನಿನ ಕಡೆ ಬಗ್ಗಿ ಹುಡುಕತೊಡಗಿದ. ರಸ್ತೆ ಮುಂದಿತ್ತು, ಕಣ್ಣು ಸ್ಕ್ರೀನಿನ ಮೇಲಿತ್ತು. ಹಿಂದೆ ಕೂತ ನಾನೇ ಹೇಳಿದೆ, ಎಂಬತ್ತು ದಾಟಿದೆ ಅಂತ.

‘ಬೆಲ್ಟಿಗೂ ಅದ, ಬಾಗಲಕ್ಕೂ ಅದ, ಸ್ಪೀಡಿಗೂ ಅದ ದನಿ ಅಂದ್ರ ಯಾವುದಂತ ತಿಳೀಬೇಕು?’ ಎಂದ ಕಾಕಾ.

ಇಷ್ಟು ವರ್ಷ ಸದ್ದಿನ ಕೆಲಸ ಮಾಡಿದ ನನಗೆ ಇದನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ. ‘ನಿನ್ನ ಜೀಪೇ ಚಲೋ ಇತ್ತಲ್ಲ ಹಂಗಾರ?’ ಎಂದು ಕೆಣಕಿದೆ.

‘ಆ ಜೀಪಿಗಿಷ್ಟು ಬೆಂಕಿ ಹಚ್ಚ. ನಡಾ ಹೋತು, ಕಿವಿ ಹೋತು. ಇಂಥಾ ಗಾಡಿ ಆವಾಗ ಇದ್ದಿದ್ರ ಇನ್ನೂ ಹತ್ತು ವರ್ಷ ಓಡಿಸ್ತಿದ್ದೆ’ ಎಂದು ಸೀಟನ್ನು ಇನ್ನಷ್ಟು ಹಿಂದಕ್ಕೆ ಬಾಗಿಸಿಕೊಂಡ.

ಸುಖವೋ ಸುರಕ್ಷತೆಯೋ ಎಂಬ ಪ್ರಶ್ನೆಯೇ ಸರಿಯಿಲ್ಲ ಎಂದು ನನಗೆ ಅಂದಿನಿಂದ ಅನ್ನಿಸಿದೆ. ಕಾಕಾನಿಗೆ ಮೆತ್ತನೆಯ ಸೀಟೂ ಬೇಕು, ಹಗುರಾದ ಸ್ಟೇರಿಂಗೂ ಬೇಕು. ಜೊತೆಗೆ ಏನಾಗುತ್ತಿದೆ ಎಂಬುದೂ ತಿಳಿಯಬೇಕು. ಇದು ಆಗದ ಮಾತಲ್ಲ. ಈಗಿನ ವಿದ್ಯುತ್ ಪವರ್ ಸ್ಟೇರಿಂಗಿನಲ್ಲಿ ಯಾವ ನಡುಕ ಕೈಗೆ ಬರಬೇಕು, ಯಾವುದು ಬರಬಾರದು ಎಂಬುದನ್ನು ಸಾಫ್ಟ್‌ವೇರಿನಲ್ಲೇ ಗೊತ್ತುಮಾಡಬಹುದು. ತಗ್ಗಿನ ಏಟನ್ನು ನುಂಗಿ, ರಾಡಿಯ ಮೇಲೆ ಹಗುರಾಗುವುದನ್ನು ಉಳಿಸಬಹುದು. 2004–05ರ ಹೊತ್ತಿಗೇ ಫ್ರಾನ್ಸಿನ ಸಿಟ್ರೊಯೆನ್ ಕಂಪನಿ ಇಂಡಿಕೇಟರ್ ಹಾಕದೆ ಗಾಡಿ ಪಥ ಬಿಟ್ಟು ಸರಿದರೆ ಸರಿದ ಕಡೆಯ ಸೀಟು ನಡುಗುವಂತೆ ಮಾಡಿತ್ತು. ಎಡಕ್ಕೆ ಸರಿದರೆ ಎಡತೊಡೆಗೆ, ಬಲಕ್ಕೆ ಸರಿದರೆ ಬಲತೊಡೆಗೆ. ಸ್ಕ್ರೀನ್ ಓದಬೇಕಿಲ್ಲ, ಹಿಂದೆ ಕೂತವರಿಗೆ ಕಿರಿಕಿರಿಯೂ ಇಲ್ಲ. ಹೆದ್ದಾರಿಯಲ್ಲಿ ಕ್ರಾಸ್ ಬರುವ ಮುನ್ನ ರಸ್ತೆಗೆ ಬಳಿದ ದಪ್ಪ ಬಿಳಿಪಟ್ಟಿಗಳೂ ಇದೇ ಕೆಲಸ ಮಾಡುತ್ತವೆ. ವೇಗ ಹೆಚ್ಚಿದ್ದಷ್ಟೂ ಅವು ಜೋರಾಗಿ ಬಡಿಯುತ್ತವೆ. ಎಲ್ಲವನ್ನೂ ಸ್ಕ್ರೀನಿಗೆ ತುಂಬುವ ಚಾಳಿಗೂ ಈಗ ತಡೆ ಬಿದ್ದಿದೆ. ಯುರೋಪಿನ ಕಾರು ಸುರಕ್ಷತಾ ಸಂಸ್ಥೆ ಯುರೋ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ಹಾರ್ನ್, ವೈಪರ್‌ನಂಥವಕ್ಕೆ ಕೈಗೆ ಸಿಗುವ ನಿಜವಾದ ಗುಂಡಿ, ಕಡ್ಡಿ ಇದ್ದರೆ ಮಾತ್ರ ಪೂರ್ತಿ ಅಂಕ ಎಂದಿದೆ. 2023ರ ಅಕ್ಟೋಬರ್ 1ರಿಂದ ನಮ್ಮಲ್ಲೂ ಭಾರತ್ ಎನ್‌ಕ್ಯಾಪ್ ಬಂದು ಕಾರುಗಳಿಗೆ ನಕ್ಷತ್ರ ಕೊಡುತ್ತಿದೆ. ಗುದ್ದಿದಾಗ ಒಳಗಿನವರು ಎಷ್ಟು ಉಳಿಯುತ್ತಾರೆ ಎಂಬುದಕ್ಕೆ ಅದರಲ್ಲಿ ಅಂಕವಿದೆ. ಗುದ್ದುವ ಮುನ್ನ ಗಾಡಿ ಎಷ್ಟು ಚೆನ್ನಾಗಿ ಹೇಳಿತು ಎಂಬುದಕ್ಕೂ ಅಂಕ ಬೇಕು.

ಮಧ್ಯಪ್ರದೇಶದ ಪೀಥಂಪುರದಲ್ಲಿ 2021ರಲ್ಲಿ ಉದ್ಘಾಟನೆಯಾದ ನ್ಯಾಟ್ರ್ಯಾಕ್ಸ್ ಪರೀಕ್ಷಾ ಪಥ 11.3 ಕಿಲೋಮೀಟರ್ ಇದೆ. ನುಣುಪು ರಸ್ತೆ, ಅಗಲವಾದ ತಿರುವು, ಅಡ್ಡ ಬರುವವರಿಲ್ಲ. ಅಲ್ಲಿ ಪರೀಕ್ಷೆ ಮಾಡಲಿ, ಮಾಡಲೇಬೇಕು. ಅಲ್ಲಿ ಮುಗಿದ ಮೇಲೆ ಗಾಡಿ ರೂಪಿಸಿದ ಎಂಜಿನಿಯರರು ನಾಟಿಯ ದಿನಗಳಲ್ಲಿ ಒಮ್ಮೆ ಇತ್ತ ಬರಲಿ. ಮುಂದಿನ ಸೀಟಿನ ಮೇಲೆ ಸೇಂಗಾದ ಚೀಲ ಇಟ್ಟುಕೊಂಡು, ಹಿಂದೆ ನಾಲ್ಕು ಜನರನ್ನು ಕೂಡಿಸಿಕೊಂಡು, ತಾವರಗೇರಾದಿಂದ ತುರ್ವಿಹಾಳದ ತನಕ ಓಡಿಸಿಕೊಂಡು ಬರಲಿ. ಬಂದ ಮೇಲೆ, ಅಂಗಡಿಯಲ್ಲಿ ತೂಗುಹಾಕಿದ ಆ ಖೋಟಾ ಕ್ಲಿಪ್ಪನ್ನು ತಮಗೂ ಕೊಳ್ಳಬೇಕೆನ್ನಿಸಿತೋ ಇಲ್ಲವೋ, ನಿಜ ಹೇಳಲಿ.